ಭೂಮಿ ಹುಟ್ಟುವ ಮೊದಲು ನಿಲ್ಲಿಸಿದ ಕಥೆ

ಮಸ್ಕಿ
ಶ್ರಾವಣ ಬಹುಳ ಪಂಚಮಿ, ಗುರುವಾರ
ಫಸಲಿ ೧೩೪೯

ಪ್ರೀತಿಯ ಶೇಖರಮ್ಮಾ,

ನೀನು, ಅತ್ತೆಯವರು, ನಿಮ್ಮಣ್ಣ, ಅತ್ತಿಗೆ ಎಲ್ಲರೂ ಗುರುಗುಂಟಾದಲ್ಲಿ ಅಮರೇಶ್ವರನ ನೆರಳಿನಲ್ಲಿ ಸುಖವಾಗಿದ್ದೀರಿ ಎಂದುಕೊಂಡು ಬರೆಯಲು ಕೂತಿದ್ದೇನೆ. ಅತ್ತೆಯವರ ಮೊಣಕಾಲು ನೋವು ಈ ಮಳೆಗೆ ಹೆಚ್ಚಾಗಿರಬೇಕು. ಎಕ್ಕದ ಎಲೆಗೆ ಎಣ್ಣೆ ಸವರಿ, ಬಿಸಿ ಮಾಡಿ ಕಟ್ಟಲು ಹೇಳು. ಅಣ್ಣನ ಮಗ ಈಗ ಗೋಡೆ ಹಿಡಿದು ನಿಲ್ಲುತ್ತಿರಬೇಕು. ಹಲ್ಲು ಎಷ್ಟು ಬಂದವು? ನಿನಗೆ ಊಟ ಸೇರುತ್ತದೆಯೋ? ನಿದ್ದೆ ಬರುತ್ತದೆಯೋ? ನಾನು ಮೈಯಲ್ಲಿ ಚೆನ್ನಾಗಿದ್ದೇನೆ. ರೊಟ್ಟಿ ನಾನೇ ಬಡಿಯುತ್ತೇನೆ. ಪಕ್ಕದ ಮನೆಯ ಹುಸೇನ್‌ಬೀ ಗೋಡೆಯಾಚೆಯಿಂದ ಸಪ್ಪಳ ಕೇಳಿ, "ಅಯ್ಯಾರ, ನೀವು ರೊಟ್ಟಿ ಬಡಿಯಾಕತ್ತೀರೋ, ರೊಟ್ಟಿ ನಿಮ್ಮನ್ನ ಬಡಿಯಾಕತ್ತದೋ" ಎನ್ನುತ್ತಾಳೆ. ನಮ್ಮ ಕೆಂದಾಕಳು ಈಯಿತು, ಹೆಣ್ಣುಗರು. ಹಣೆಯಲ್ಲಿ ಬಿಳಿ ಚುಕ್ಕೆ ಇದೆ. ಹೆಸರಿಟ್ಟಿಲ್ಲ, ನೀನು ಬಂದು ಇಡಬಹುದೆಂದು ಬಿಟ್ಟಿದ್ದೇನೆ.

ಬರುವ ಮಾತು ಬಂತಲ್ಲ, ಅದನ್ನೇ ಮೊದಲು ಹೇಳಬೇಕಿತ್ತು. ಹೋದ ವಾರ ನಿಮ್ಮಣ್ಣ ಸಂತೆಗೆ ಬಂದವನು ನಮ್ಮ ಕಟ್ಟೆಯ ಮೇಲೆ ಕೂತು ನೀರು ಕುಡಿದು, "ತಂಗಿ ಅಮಾಸಿಗಿ ಬರ್ತೀನಿ ಅಂದಾಳ್ರಿ. ಬಂಡಿ ಕಳಸ್ರಿ" ಎಂದ. ಹತ್ತಿರ ಹತ್ತಿರ ಒಂದು ವರ್ಷವಾದ ಮೇಲೆ ಬಂದ ಮಾತು. ಅವನು ಹೋದ ಮೇಲೆ ನಾನು ಒಳಗೆ ಹೋಗಿ, ನಿನ್ನ ಬೀಸುಕಲ್ಲಿನ ಮೇಲೆ ಹೊದಿಸಿದ್ದ ಗೋಣಿ ತೆಗೆದು ಒರೆಸಿ, ಮತ್ತೆ ಹೊದಿಸಿದೆ. ಏಕೆಂದು ಕೇಳಬೇಡ. ಈಗ ದಾವಲ್‌ಸಾಬನ ಬಂಡಿಯ ಜೊತೆಗೇ ಈ ಪತ್ರ ಕಳಿಸುತ್ತಿದ್ದೇನೆ. ಎತ್ತುಗಳಿಗೆ ಅಲ್ಲಿ ಪೂರ್ತಿ ಒಂದು ದಿನ ವಿಶ್ರಾಂತಿ ಕೊಡು, ಅವಸರ ಮಾಡಬೇಡ ಎಂದು ಅವನಿಗೆ ಹೇಳಿದ್ದೇನೆ. ನೀನು ಬಂಡಿ ಹತ್ತುವ ಮೊದಲು ಇದನ್ನು ಕೊನೆಯವರೆಗೆ ಓದಬೇಕು, ಒಬ್ಬಳೇ ಓದಬೇಕು. ಅಣ್ಣನ ಕೈಗೆ ಕೊಡಬೇಡ. ಅಕ್ಷರ ನಿನಗೆ ಮರೆತಿರಲಾರದು. ಹೊಸ್ತಿಲ ಕಲ್ಲಿನ ಮೇಲೆ ಇದ್ದಿಲಿನಿಂದ ನೀನು ಬರೆಯುವಾಗ ಅಮರಮ್ಮ ಪಕ್ಕದಲ್ಲಿ ಕೂತು, "ಅವ್ವ, ನಿನ್ನ ಅ ಹೊಟ್ಟಿ ಮುಂದ ಬಂದೈತಿ" ಎಂದು ನಗುತ್ತಿದ್ದಳು.

ನೋಡು, ಹೆಸರು ಬರೆದೇಬಿಟ್ಟೆ. ಈ ಒಂದು ವರ್ಷ ಅವಳ ಹೆಸರನ್ನು ನಾನೂ ಆಡಿಲ್ಲ, ನೀನೂ ಆಡಿಲ್ಲ. ಬರೆದ ಮೇಲೆ ಇನ್ನು ಅವಳ ಮಾತನ್ನೇ ಬರೆಯುತ್ತೇನೆ.

ನಮ್ಮ ಮನೆತನದಲ್ಲಿ ಜಗತ್ತು ಹುಟ್ಟಿದ ಕಥೆಯನ್ನು ಹೇಗೆ ಹೇಳುತ್ತೇವೆ ಎಂಬುದು ನಿನಗೆ ಬಾಯಿಪಾಠ. ಮೊದಲು ಏನೂ ಇರಲಿಲ್ಲ, ಬರೀ ಬಯಲು. ಬಯಲಿನೊಳಗೆ ಒಂದು ದನಿ. ಅದಕ್ಕೆ ಕಥೆ ಹೇಳುವ ಆಸೆ, ಆದರೆ ಹೂಂ ಅನ್ನಲು ಯಾರೂ ಇಲ್ಲ. ಎಷ್ಟೋ ಕಾಲ ಕಾದು ಕಾದು, ಕೊನೆಗೆ ತಡೆಯಲಾರದೆ ಅದು "ಒಂದೂರಿನಾಗ" ಎಂದಿತು. ಊರೂ ಇಲ್ಲ, ಒಂದೂ ಇಲ್ಲ, ಆದರೂ ಎಂದಿತು. ಆಗ ಬಯಲಿನ ಆಚೆಯ ತುದಿಯಿಂದ ಹೂಂ ಎಂದು ಬಂತು. ಆ ಮೊದಲ ಹೂಂ ಆಕಾಶವಾಯಿತು, ಎರಡನೆಯದು ಗಾಳಿ, ಮೂರನೆಯದು ನೀರು, ನಾಲ್ಕನೆಯದು ಭೂಮಿ, ಐದನೆಯದು ಜೀವ. ದಿನಕ್ಕೊಂದರಂತೆ ಐದು ಸಂಜೆ. ಮನೆಯಲ್ಲಿ ಇದನ್ನು ತುಂಡು ತುಂಡಾಗಿ ಹೇಳುವಾಗ ಅಮರಮ್ಮನೇ ನನಗೆ ಹೂಂ ಅನ್ನುವವಳು. ನಾಲ್ಕು ವರ್ಷದವಳಿದ್ದಾಗಿನಿಂದ ಆ ಕೆಲಸ ಅವಳದೇ. ನಿದ್ದೆಯಲ್ಲೂ ತಾಳ ತಪ್ಪದೆ ಅನ್ನುತ್ತಿದ್ದಳು. ಎಚ್ಚರವಿದ್ದಾಗ ಮಾತ್ರ ತೊಂದರೆ. ಬಯಲು ಅಂದ ಕೂಡಲೇ, "ಅದಕ್ಕ ಮೊದಲ ಏನಿತ್ತಪ?" ಎನ್ನುತ್ತಿದ್ದಳು. ಮೊದಲು ಏನೂ ಇರಲಿಲ್ಲವೇ ತಾಯಿ ಎಂದರೆ, "ಆ ಏನೂ ಇಲ್ಲದ್ದಕ್ಕ ಮೊದಲ?"

ನಾನು ಸೋತು, ಅವಳನ್ನು ಬೇರೆ ಬೇರೆಯವರ ಹತ್ತಿರ ಕರೆದೊಯ್ಯುತ್ತಿದ್ದೆ. ಲಿಂಗಸುಗೂರಿನ ನಮ್ಮ ಕರಿಬಸಯ್ಯ ಕಾಕಾ ತಿಳಿದವರು. ಅವರು ಜಪದ ಮಣೆ ಬಿಟ್ಟು ಎದ್ದು ಬಂದು ಹೇಳಿದರು: ಬಯಲು ಅಂದರೆ ಹಾಲಿದ್ದ ಹಾಗೆ ಮಗಳೇ, ತೆಳ್ಳಗೆ, ಒಂದೇ ಸಮ. ಅದು ಹೆಪ್ಪುಗಟ್ಟಿ ಜಗತ್ತಾಯಿತು. ಅಮರಮ್ಮ, "ಮುತ್ಯಾ, ಹೆಪ್ಪು ಯಾರ ಮನಿಯಿಂದ ತಂದ್ರಿ?" ಎಂದಳು. ನೀನು ಹೆಪ್ಪಿಗೆಂದು ಬಟ್ಟಲು ಕೊಟ್ಟು ಅವಳನ್ನು ಓಣಿಯಲ್ಲಿ ಓಡಿಸುತ್ತಿದ್ದೆಯಲ್ಲ, ಅದರ ಫಲ ಅದು. ಕಾಕಾ ನನ್ನ ಕಡೆ ನೋಡಿ, "ಮರಿಸ್ವಾಮಿ, ಇದನ್ನ ಯಾರೂ ಕೇಳಿದ್ದಿಲ್ಲೋ ನನಗ" ಎಂದರು. ದಾವಲ್‌ಸಾಬ್ ಬಂಡಿಯ ಗಾಲಿಗೆ ಎಣ್ಣೆ ಹಚ್ಚುತ್ತಾ, "ಅದರಾಗೇನೈತಿ ಬೇಟಿ, ಮಾಲೀಕ ಆಗು ಅಂದ, ಆತು" ಎಂದ. "ಯಾರಿಗಿ ಅಂದ ಕಾಕಾ? ಕೇಳಾಕ ಯಾರಿದ್ರು?" ಎಂದಳು. ದಾವಲ್‌ಸಾಬ್ ಎಣ್ಣೆಯ ಕೈಯಿಂದಲೇ ಕಿವಿ ಮುಟ್ಟಿಕೊಂಡು, "ಅಯ್ಯಾರ, ಈಕೀನ ಮದ್ರಸಾಕ ಕಳಿಸಬ್ಯಾಡ್ರಿ, ನಮ್ಮ ಮೌಲ್ವಿ ಊರು ಬಿಡ್ತಾನ" ಎಂದು ನಕ್ಕ.

ಹೋದ ವರ್ಷ ಹೈದರಾಬಾದಿನಿಂದ ಕಲ್ಲು ಪರೀಕ್ಷೆಗೆ ಒಬ್ಬ ಸಾಹೇಬರು ಬಂದು ನಮ್ಮ ಗುಡ್ಡದ ಕೆಳಗೆ ಡೇರೆ ಹಾಕಿದ್ದರು, ನೆನಪಿದೆಯೇ? ಸಣ್ಣ ಸುತ್ತಿಗೆಯಿಂದ ಬಂಡೆ ಬಡಿದು ಚೂರುಗಳನ್ನು ಚೀಲಕ್ಕೆ ಹಾಕುವವರು. ಅಮರಮ್ಮ ಅವರನ್ನೂ ಬಿಡಲಿಲ್ಲ. ಅವರು ಉರ್ದುವಿನಲ್ಲಿ ಹೇಳಿದ್ದನ್ನು ನಾನು ಅವಳಿಗೆ ಕನ್ನಡದಲ್ಲಿ ಹೇಳಿದೆ. ಮೊಟ್ಟಮೊದಲು ಎಲ್ಲವೂ ಒಂದೇ ಉಂಡೆಯಾಗಿತ್ತಂತೆ, ಒಂದು ಕಾಳಿನಷ್ಟು. ಅದು ಒಡೆದು ಸಿಡಿಯಿತಂತೆ. ಸಿಡಿದ ಚೂರುಗಳೇ ನಕ್ಷತ್ರ, ಅವು ಇವತ್ತಿಗೂ ಒಂದರಿಂದ ಒಂದು ದೂರ ದೂರ ಹೋಗುತ್ತಲೇ ಇವೆಯಂತೆ. ಅದು ಖರೆಯೋ ಸುಳ್ಳೋ ಇನ್ನೂ ಗೊತ್ತಿಲ್ಲ, ಬಲ್ಲವರ ಅಂದಾಜು ಅಷ್ಟೇ ಎಂದೂ ಅವರು ಹೇಳಿದರು. ಅಮರಮ್ಮ ಅಂದು ಕಾಳಿನ ಮೊದಲು ಏನಿತ್ತು ಎಂದು ಕೇಳಲಿಲ್ಲ. "ಎಲ್ಲಾ ದೂರ ಹೊಂಟಾವ? ತಿರುಗಿ ಬರಂಗಿಲ್ಲೇನು?" ಎಂದಳು. ನೀನು ಅಣ್ಣನ ಹೆಂಡತಿಯ ಬಾಣಂತನಕ್ಕೆಂದು ತವರಿಗೆ ಹೊರಡುವ ಸಿದ್ಧತೆಯಲ್ಲಿದ್ದ ದಿನಗಳವು.

ಗುಡ್ಡ ಇಳಿದು ಬರುವಾಗ ನನ್ನ ಹೆಗಲ ಮೇಲೆ ಕೂತಿದ್ದವಳು ನನ್ನ ಕೂದಲು ಹಿಡಿದು ಜಗ್ಗಿ, "ಅಪ್ಪ, ನನಗ ಗೊತ್ತಾತು. ಮೊದಲ ದನಿ ಇದ್ದಿಲ್ಲ. ಮೊದಲ ಹೂಂ ಇತ್ತು" ಎಂದಳು. ಕಥೆಯೇ ಇಲ್ಲದೆ ಹೂಂ ಎಲ್ಲಿಂದ ಬರುತ್ತದೆ ಎಂದು ನಾನು ನಕ್ಕೆ. "ಕೇಳಾಕ ಯಾರಾರ ಕುಂತಿದ್ರ, ಹೇಳಾಂವ ಬಂದೇ ಬರ್ತಾನ. ನಾ ಕುಂತಿದ್ರ ನೀ ಬರಂಗಿಲ್ಲೇನು?" ಎಂದಳು. ಬರುತ್ತೇನೆ ಎಂದೆ. ಈ ಮಾತನ್ನು ನಿನಗೆ ಹೇಳಬೇಕೆಂದು ಅಂದುಕೊಂಡೇ ಮನೆಗೆ ಬಂದೆ. ನೀನು ಗಂಟು ಕಟ್ಟುವ ಗಡಿಬಿಡಿಯಲ್ಲಿದ್ದೆ, ಮರೆತೆ.

ನೀನು ಹೋದ ಎಂಟನೇ ದಿನಕ್ಕೆ, ಅಮರಮ್ಮನನ್ನು ಹುಸೇನ್‌ಬೀಗೆ ಒಪ್ಪಿಸಿ, ಗುಡಿಯಲ್ಲಿ ಶ್ರಾವಣದ ಕಥೆ ಹಿಡಿದೆ. ಅದರ ಕಟ್ಟುಪಾಡು ನಿನಗೆ ಗೊತ್ತು. ಕಥೆಗೆ ಕೂತವನು ಐದು ದಿನ ಮನೆಗೆ ಬರುವ ಹಾಗಿಲ್ಲ, ಮನೆಯ ಮಾತು ಕಿವಿಗೆ ಹಾಕಿಕೊಳ್ಳುವ ಹಾಗಿಲ್ಲ. ನನಗೆ ಕಥೆ ಕಲಿಸುವಾಗ ನನ್ನ ಮುತ್ಯಾ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಕಥಿ ಮ್ಯಾಲ ಕುಂತಾಂವ ಏಳಬಾರದು. ಅರ್ಧ ಹುಟ್ಟಿದ ಜಗತ್ತು ಬಿಟ್ಟು ಎದ್ದರ, ಹುಟ್ಟದ ಅರ್ಧ ಯಾರ ಮ್ಯಾಲ ಬೀಳ್ತದೋ ಯಾರು ಕಂಡಾರ." ಮುತ್ಯಾನ ಅಪ್ಪ ಕಥೆ ಹೇಳುವಾಗ ಮನೆಗೆ ಬೆಂಕಿ ಬಿದ್ದರೂ ಏಳಲಿಲ್ಲವೆಂದು ಊರು ಇಂದಿಗೂ ಹೊಗಳುತ್ತದೆ. ಅದನ್ನು ಕೇಳಿ ಅಮರಮ್ಮ ಒಮ್ಮೆ, "ಮನ್ಯಾಗ ಯಾರಿದ್ರಪ?" ಎಂದು ಕೇಳಿದ್ದಳು. ನಾನೂ ಅದನ್ನು ಯಾರನ್ನೂ ಕೇಳಿರಲಿಲ್ಲ. ಗುಡಿಯಲ್ಲಿ ಹೂಂ ಅನ್ನಲು ಪೂಜಾರಿಯೇ ಕೂರಬೇಕು, ಮಕ್ಕಳು ಕೂರುವ ಹಾಗಿಲ್ಲ. ಅದಕ್ಕೆ ಅವಳಿಗೆ ಸಿಟ್ಟು. ಗುಡಿಯ ಹಿಂದಿನ ಗೋಡೆಗೆ ನಮ್ಮ ಮನೆ ಹತ್ತಿಕೊಂಡೇ ಇದೆಯಲ್ಲ, ಮೊದಲ ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಅಲ್ಲಿಂದಲೇ ಗಟ್ಟಿಯಾಗಿ ಹೂಂ ಅಂದಳು. ಪೂಜಾರಿಯ ಹೂಂ ಒಂದು ಕಡೆ, ಇವಳ ಹೂಂ ಒಂದು ಕಡೆ. ಜನ ನಕ್ಕರು. ನಾನೂ ಒಳಗೊಳಗೇ ನಕ್ಕೆ.

ಮುಂದಿನದು ನಿನಗೆ ಗೊತ್ತು. ಐದನೇ ಸಂಜೆ ನಾನು ಗುಡಿಯಲ್ಲಿ ಜೀವ ಹುಟ್ಟಿಸುತ್ತಿದ್ದೆ. ಮಂಗಳಾರತಿ ಮುಗಿಸಿ ಮನೆಗೆ ಬಂದಾಗ ಅವಳು ಇರಲಿಲ್ಲ. ಕೈಯಲ್ಲಿ ಕರ್ಪೂರದ ವಾಸನೆ ಇರುವಾಗಲೇ ದಾವಲ್‌ಸಾಬನ ಬಂಡಿ ಹೂಡಿಸಿ ಗುರುಗುಂಟಾಕ್ಕೆ ಕಳಿಸಿದೆ. ಏಳನೇ ಸಂಜೆ ನೀನು ಬಂದಿಳಿದೆ. ಅವಳ ಮೇಲಿನ ಮಣ್ಣು ಇನ್ನೂ ಹಸಿಯಿತ್ತು. ನೀನು ಅಳಲಿಲ್ಲ. ಒಂದೇ ಮಾತು ಕೇಳಿದೆ: "ಜ್ವರ ಯಾವತ್ತು ಬಂತ್ರಿ?" ನಾಲ್ಕನೇ ದಿನ ಎಂದೆ. ನೀನು ಬೆರಳು ಮಡಚಿ ಎಣಿಸಿದೆ. ಬಂಡಿ ಹೋಗಲು ಒಂದು ರಾತ್ರಿ ಒಂದು ಹಗಲು, ಬರಲು ಒಂದು ರಾತ್ರಿ ಒಂದು ಹಗಲು. ಎಣಿಸಿ ಮುಗಿಸಿ, "ಅವತ್ತೇ ಕಳಿಸಿದ್ರೂ ನನಗ ಸಿಗ್ತಿದ್ದಿಲ್ಲ. ಬಿಡ್ರಿ" ಎಂದೆ. ಹನ್ನೊಂದನೇ ದಿನ ಅಣ್ಣನ ಜೊತೆ ತವರಿಗೆ ಹೋದೆ. ಆಮೇಲೆ ನಾನು ಎಲ್ಲಿಯೂ ಕಥೆ ಹೇಳಲಿಲ್ಲ.

ಈ ಶ್ರಾವಣದಲ್ಲಿ ಗೊರೇಬಾಳದ ರೈತ ಪಂಪಣ್ಣ ಬಂದು ಗಂಟು ಬಿದ್ದ. ಅವನ ಹೊಲದಲ್ಲಿ ಬಾವಿ ತೋಡುವುದಿತ್ತು. ತೋಡುವ ಮೊದಲು ಅಲ್ಲಿ ನಮ್ಮ ಮನೆಯವರು ಜಗತ್ತು ಹುಟ್ಟಿದ ಕಥೆ ಹೇಳುವುದು ಅವನ ಅಜ್ಜನ ಕಾಲದಿಂದ ಬಂದದ್ದು. "ನೀವು ಬರಲಿಲ್ಲಂದ್ರ ನನ್ನ ಬಾವಿಗೆ ನೀರು ಬರಂಗಿಲ್ಲ, ಪಾಪ ನಿಮಗ" ಎಂದು ಮೂರು ಸಲ ಬಂದ. ಹೋದೆ. ಬಾವಿ ತೋಡುವ ದುರುಗಪ್ಪ ಎಂಬವನನ್ನು ಹೂಂ ಅನ್ನಲು ಕೂರಿಸಿದರು. ಗಟ್ಟಿ ಆಳು, ಗುದ್ದಲಿ ಬಿದ್ದ ಹಾಗೆ ಹೂಂ ಅನ್ನುತ್ತಿದ್ದ. ಮೊದಲ ದಿನ ಆಕಾಶವಾಯಿತು. ಎರಡನೇ ದಿನ ಗಾಳಿಯಾಯಿತು. ಮೂರನೇ ಸಂಜೆ ನೀರಿನ ಕಥೆ ನಡುವಿಗೆ ಬಂದಾಗ ದುರುಗಪ್ಪನ ಹೆಂಡತಿ ಗಾಳೆಮ್ಮ ಬಂದು ಜನರ ಹಿಂದೆ ನಿಂತಳು. ಸೆರಗಿನ ತುದಿ ಬಾಯಲ್ಲಿ. ಕಥೆಯ ನಡುವೆ ಮಾತಾಡಬಾರದೆಂದು ಅವಳಿಗೂ ಗೊತ್ತು. ದುರುಗಪ್ಪ ಅವಳನ್ನು ನೋಡಿದ, ನನ್ನನ್ನು ನೋಡಿದ, ಹೂಂ ಅಂದ. ಮತ್ತೆ ಅವಳನ್ನು ನೋಡಿದ, ಹೂಂ ಅಂದ. ಶೇಖರಮ್ಮಾ, ನಲವತ್ತು ವರ್ಷ ಬೇರೆಯವರ ಹೂಂ ಕೇಳಿ ಬದುಕಿದವನು ನಾನು. ಆ ಹೂಂ ಕಥೆಗೆ ಅಂದದ್ದಲ್ಲ.

ನಾನು ನಿಲ್ಲಿಸಿದೆ. ಏನಾಗಿದೆ ಎಂದು ಗಾಳೆಮ್ಮನನ್ನು ಕೇಳಿದೆ. "ಮಗಳಿಗಿ ಜ್ವರ ರೀ. ಬೆಳಗ್ಗಿಂದ ಕಣ್ಣು ಬಿಟ್ಟಿಲ್ಲ" ಎಂದಳು. ನಾನು ದುರುಗಪ್ಪನಿಗೆ, "ಏಳೋ, ಮನಿಗಿ ನಡಿ" ಎಂದೆ. ಅವನು ಏಳಲಾರದೆ ನೆಲಕ್ಕೆ ಕೈ ಊರಿಕೊಂಡು ಕೂತೇ ಇದ್ದ. ಪಂಪಣ್ಣ ಹೆದರಿ, "ಅಯ್ಯಾರ, ಇನ್ನಾ ಭೂಮಿ ಹುಟ್ಟಿಲ್ಲ" ಎಂದ. "ಹುಟ್ಟದಿದ್ರ ಇರಲಿ" ಎಂದು ನಾನೇ ಮೊದಲು ಎದ್ದೆ. ನಮ್ಮ ಮನೆತನದಲ್ಲಿ ಕಥೆಯ ಮೇಲಿಂದ ಎದ್ದವನು ನಾನೊಬ್ಬನೇ. ಪಂಪಣ್ಣನ ಬಂಡಿಯಲ್ಲೇ ಮಗುವನ್ನು ಸಿಂಧನೂರಿಗೆ ಒಯ್ದೆವು. ಅಲ್ಲಿನ ಹಕೀಮರು ಔಷಧ ಕೊಟ್ಟರು. ದಾರಿಯುದ್ದಕ್ಕೂ ದುರುಗಪ್ಪ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಆಕಾಶವನ್ನೇ ನೋಡುತ್ತಿದ್ದ, ಈಗ ಬೀಳುತ್ತದೆ, ಇನ್ನೇನು ಬೀಳುತ್ತದೆ ಎಂಬಂತೆ. ನಾನೂ ನೋಡುತ್ತಿದ್ದೆ.

ಬೀಳಲಿಲ್ಲ. ಮರುದಿನ ಬೆಳಕು ಹರಿಯಿತು. ಗೊರೇಬಾಳದ ಕೋಳಿಗಳು ತಿಪ್ಪೆ ಕೆದರಿದವು. ನಾಲ್ಕನೇ ದಿನಕ್ಕೆ ಆ ಮಗುವಿನ ಜ್ವರ ಇಳಿದು ಅದು ಗಂಜಿ ಕುಡಿಯಿತು. ಪಂಪಣ್ಣ ಹೆದರುತ್ತಲೇ ತೋಡಿಸಿದ, ಅವರ ಅಜ್ಜನ ಬಾವಿಯಷ್ಟೇ ಆಳದಲ್ಲಿ ನೀರು ಬಂತು, ಸಿಹಿ ನೀರು. ಅವನು ನನ್ನ ಕಾಲು ಮುಟ್ಟಿ, ನಿಮ್ಮ ಪುಣ್ಯ ಎಂದ. ಊರೆಲ್ಲ ಸಂತೋಷಪಟ್ಟಿತು. ನಾನೊಬ್ಬನೇ ಬಾವಿಯ ದಂಡೆಯ ಮೇಲೆ ಎರಡು ದಿನ ಕೂತು ಕಾದೆ. ಏನಾದರೂ ಬೀಳಲಿ, ಒಂದು ಸಿಡಿಲಾದರೂ ಬೀಳಲಿ, ನನ್ನ ಮೇಲೇ ಬೀಳಲಿ ಎಂದು ಕಾದೆ. ಬಿದ್ದಿದ್ದರೆ, ಹೋದ ವರ್ಷ ನಾನು ಏಳದೆ ಕೂತದ್ದಕ್ಕೆ ಒಂದು ಅರ್ಥವಿರುತ್ತಿತ್ತು. ಅರ್ಧ ಹೇಳಿ ಬಿಟ್ಟ ಜಗತ್ತು ಒಂದಿಷ್ಟೂ ಅಲುಗದೆ ನಿಂತಿದೆ. ಅದು ನನ್ನ ಬಾಯಿಂದ ಹುಟ್ಟುವಂಥದ್ದಾಗಿರಲೇ ಇಲ್ಲ. ಅದು ಹೇಗೆ ಹುಟ್ಟಿತೋ ಕಾಕಾನಿಗೂ ಗೊತ್ತಿಲ್ಲ, ಕಲ್ಲಿನ ಸಾಹೇಬರಿಗೂ ಗೊತ್ತಿಲ್ಲ, ನಮ್ಮ ಮುತ್ಯಾನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಒಂದನ್ನು ಕಾಯಲು ಹೋಗಿ, ನನಗೆ ಚೆನ್ನಾಗಿ ಗೊತ್ತಿದ್ದ ಒಂದನ್ನು ಬಿಟ್ಟೆ.

ಬರೆದದ್ದು ಉದ್ದವಾಯಿತು. ದಾವಲ್‌ಸಾಬ್ ಹೊರಗೆ ಎತ್ತು ಹೂಡಿ ಕೆಮ್ಮುತ್ತಿದ್ದಾನೆ. ಅತ್ತೆಯವರಿಗೆ ನನ್ನ ಶರಣು ಹೇಳು. ಅಣ್ಣನಿಗೂ ಅತ್ತಿಗೆಗೂ ನೆನಪು ಹೇಳು, ಕೂಸಿಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು. ಬಂಡಿಯಲ್ಲಿ ಒಂದು ಗಡಿಗೆ ಗಿಣ್ಣದ ಹಾಲು ಇಟ್ಟಿದ್ದೇನೆ, ದಾರಿಯಲ್ಲಿ ಕೆಟ್ಟಿದ್ದರೆ ಬೈಯಬೇಡ. ನೀನು ಎಲ್ಲಿದ್ದರೂ ನಿನ್ನ ಕಣ್ಣಿಗೆ ನಿದ್ದೆ ಬರಲಿ, ಅಮರೇಶ್ವರ ಅಷ್ಟನ್ನು ಕೊಟ್ಟರೆ ಸಾಕು.

ಇಂತು ನಿನ್ನ
ಮರಿಸ್ವಾಮಿ

ಮರೆತಿದ್ದೆನೆಂದು ಬರೆಯುತ್ತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಜ್ವರ ಬಂದದ್ದು ನಾಲ್ಕನೇ ದಿನವಲ್ಲ. ಎರಡನೇ ಸಂಜೆ. ಹುಸೇನ್‌ಬೀ ಅಂದಿನ ಕಥೆ ಮುಗಿದು ಜನ ಚದುರಿದ ಮೇಲೆ ಗುಡಿಯ ಮೆಟ್ಟಿಲಿಗೆ ಬಂದು, "ಅಯ್ಯಾರ, ಹುಡುಗಿ ಮೈ ಕೆಂಡ ಆಗೇದ. ಅವ್ವ ಬೇಕು ಅನ್ನಾಕತ್ತಾಳ. ಶೇಖರಮ್ಮಗ ಬಂಡಿ ಕಳಸ್ರಿ" ಎಂದಳು. ನಾನು ಕಟ್ಟುಪಾಡಿಗೆ ಅಂಜಿ ಬಾಯಿ ಬಿಡದೆ, ಐದು ಬೆರಳು ತೋರಿಸಿ, ಐದು ದಿನ ಆಗಲಿ ಎಂದು ಸನ್ನೆ ಮಾಡಿದೆ. ಅವತ್ತೇ ಕಳಿಸಿದ್ದರೆ ನಾಲ್ಕನೇ ಸಂಜೆಗೆ ನೀನು ಬಂದಿರುತ್ತಿದ್ದೆ. ಅವಳು ನಿನಗೆ ಸಿಗುತ್ತಿದ್ದಳು. ಇದು ಹುಸೇನ್‌ಬೀಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. "ನಾ ಆಗಿ ಹೇಳಂಗಿಲ್ಲ. ಆಕಿ ಕೇಳಿದ್ರ ಸುಳ್ಳೂ ಹೇಳಂಗಿಲ್ಲ" ಎಂದಿದ್ದಳು. ನೀನು ಅವಳನ್ನು ಕೇಳಲಿಲ್ಲ, ನನ್ನನ್ನು ನಂಬಿದೆ. ಇನ್ನೊಂದು ಮಾತನ್ನೂ ಅವಳೇ ಹೇಳಿದಳು. ಆ ನಾಲ್ಕೂ ಸಂಜೆ ಗೋಡೆಯಾಚೆ ನನ್ನ ದನಿ ಎದ್ದ ಕೂಡಲೇ ಅಮರಮ್ಮ ಕಣ್ಣು ಮುಚ್ಚಿಕೊಂಡೇ ಹೂಂ ಅನ್ನುತ್ತಿದ್ದಳಂತೆ. ಹುಸೇನ್‌ಬೀ ಮೊದಲು ನರಳಾಟ ಅಂದುಕೊಂಡಳಂತೆ. ಕೊನೆಯ ದಿನ ಮಂಗಳಾರತಿಯ ಗಂಟೆಯವರೆಗೂ ಅಂದಳಂತೆ. ಅವಳು ಕೇಳಲು ಕೂತಿದ್ದಳು, ನಾನು ಬರಲಿಲ್ಲ.

ಇದನ್ನು ತಿಳಿದು ಬರುವುದಾದರೆ ಬಾ. ಇಲ್ಲವಾದರೆ ದಾವಲ್‌ಸಾಬನಿಗೆ ಏನೂ ಹೇಳಬೇಡ, ಬಂಡಿ ಖಾಲಿ ಕಳಿಸು. ನಾನು ಹೊಸ್ತಿಲ ಕಲ್ಲಿನ ಮೇಲೆ ಕೂತಿರುತ್ತೇನೆ. ನೀನು ಬಂದು ಬೈದರೂ ಹೂಂ ಅನ್ನುತ್ತೇನೆ, ಖಾಲಿ ಬಂಡಿ ಬಂದರೂ ಹೂಂ ಅನ್ನುತ್ತೇನೆ.